ರಫ್ ಬುಕ್ಕಿನ ಹಾಳೆಗಳು

ಹೋದ ಡಿಸೆಂಬರಿನಲ್ಲಿ ನಾನು ಓದಿದ ಹೈಸ್ಕೂಲಿಗೆ ಕರೆದಿದ್ದರು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಹಳೇ ವಿದ್ಯಾರ್ಥಿಗಳಿಂದ ನಾಲ್ಕು ಮಾತು ಹೇಳಿಸೋ ಕಾರ್ಯಕ್ರಮ. ಏನು ಮಾತಾಡಲಿ ಸಾರ್ ಅಂತ ಫೋನಿನಲ್ಲಿ ಕೇಳಿದರೆ ಎಚ್ಚೆಮ್ ಸಾರ್, "ಇಲ್ಲಿ ಕಲಿತದ್ದು ನಿನಗೆ ಕಾಲೇಜಲ್ಲಿ ಹೆಂಗೆ ಉಪಯೋಗ ಆಯ್ತು, ಅಷ್ಟು ಹೇಳಮ್ಮ ಸಾಕು" ಅಂದರು. ಹೋದೆ. ಶಾಲು ಹೊದಿಸಿದರು. ಶಿಸ್ತು ಕಲಿತೆ, ಶ್ರದ್ಧೆ ಕಲಿತೆ, ಕನ್ನಡ ಮಾಧ್ಯಮ ಅಂತ ಕೀಳರಿಮೆ ಬೇಡ, ಕಷ್ಟಪಟ್ಟರೆ ಎಲ್ಲಾ ಸಾಧ್ಯ ಅಂತ ಮೈಕ್ ಹಿಡಿದು ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ನಾನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದಳು. ಅದೂ ಕೆಂಪು ಪೆನ್ನಿನಲ್ಲಿ ಹೆಡ್ಡಿಂಗ್ ಹಾಕಿ, ಸ್ಕೇಲ್ ಇಟ್ಟು ಅಡಿಗೆರೆ ಎಳೆದು.

ಆ ಅಡಿಗೆರೆ ನೋಡಿದ ಮೇಲೆ ಯಾಕೋ ಮನಸ್ಸು ಸರಿ ಇರಲಿಲ್ಲ. ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸು ಹಿರಿಯೂರು ದಾಟಿದರೂ ಅದೇ ತಲೆಯಲ್ಲಿ ಓಡುತ್ತಿತ್ತು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದು ಫೇರ್ ಕಾಪಿ. ಎಲ್ಲ ಶಾಲೆಯ ಎಲ್ಲ ಹಳೇ ವಿದ್ಯಾರ್ಥಿಗಳೂ ಹೇಳೋ ಮಾತು. ರಫ್ ಕಾಪಿ ಇಲ್ಲಿ ಬರೆಯುತ್ತಿದ್ದೇನೆ, ಕಾಟು ಹೊಡೆದದ್ದರ ಸಮೇತ.

ನಮ್ಮದು ಚಳ್ಳಕೆರೆ ತಾಲ್ಲೂಕು. ಮಳೆ ಕಮ್ಮಿ, ಶೇಂಗಾ ಜಾಸ್ತಿ. ಊರಲ್ಲಿ 7ನೇ ಕ್ಲಾಸಿನವರೆಗೆ ಮಾತ್ರ ಶಾಲೆ ಇತ್ತು. 8ಕ್ಕೆ 4 ಕಿಲೋಮೀಟರ್ ದೂರದ ಸರ್ಕಾರಿ ಪ್ರೌಢಶಾಲೆಗೆ ಹೋಗಬೇಕು. ನಾನು ಸೇರಿದ್ದು 2012ರಲ್ಲಿ. ಸರ್ಕಾರಿ ಶಾಲೆಯ 8ನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋ ಯೋಜನೆ 2006-07ರಿಂದಲೇ ಇತ್ತಲ್ಲ, ನನಗೂ ಒಂದು ಸಿಕ್ಕಿತು. ವಾರಕ್ಕೆರಡು ಸಲ ಚೈನ್ ಕಳಚಿಕೊಳ್ಳುತ್ತಿತ್ತು, ಕೈಯೆಲ್ಲಾ ಗ್ರೀಸು. ಆದರೂ ಆ ಸೈಕಲ್ ಇಲ್ಲದಿದ್ದರೆ ನನ್ನ ಓದು 7ಕ್ಕೇ ಮುಗಿಯುತ್ತಿತ್ತು. ಜಾಲಿ ಗಿಡಗಳ ನಡುವಿನ ಆ ದಾರಿಯಲ್ಲಿ ಒಬ್ಬಳೇ ನಡೆದು ಹೋಗೋಕೆ ಅಮ್ಮ ಖಂಡಿತ ಬಿಡುತ್ತಿರಲಿಲ್ಲ. 9ನೇ ಕ್ಲಾಸಿನಲ್ಲಿದ್ದಾಗ, 2013ರ ಆಗಸ್ಟಿನಲ್ಲಿ, ಕ್ಷೀರಭಾಗ್ಯ ಶುರುವಾಯಿತು. ಹಾಲಿನ ಪುಡಿ ಕಲಸಿ ಕಾಯಿಸಿದ ಬಿಸಿ ಹಾಲು. ನನಗೆ ಆ ವಾಸನೆ ಆಗುತ್ತಿರಲಿಲ್ಲ, ಗೆಳತಿಗೆ ಕೊಟ್ಟುಬಿಡುತ್ತಿದ್ದೆ. ಕಾಲೇಜಿಗೆ ಸಿದ್ಧ ಮಾಡೋದು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಸೈಕಲ್ಲಿನಿಂದಲೇ ಶುರು ಮಾಡಬೇಕು. ವೇದಿಕೆಯ ಮೇಲೆ ಅದನ್ನು ಹೇಳಲಿಲ್ಲ ನೋಡಿ.

ಇನ್ನು ಪಾಠ. ನಮ್ಮ ಶಾಲೆಯಲ್ಲಿ ಪ್ರತಿ ವಿಷಯಕ್ಕೂ ಎರಡು ಪುಸ್ತಕ ಇರಬೇಕಿತ್ತು. ಒಂದು ರಫ್, ಒಂದು ಫೇರ್. ರಫ್ ಬುಕ್ಕಿಗೆ ಬೆಲೆಯೇ ಇಲ್ಲ. ಹಳೇ ವರ್ಷದ ನೋಟ್ಸಿನಲ್ಲಿ ಉಳಿದ ಖಾಲಿ ಹಾಳೆ ಕಿತ್ತು ಹೊಲಿದು ಮಾಡಿಕೊಂಡಿದ್ದು. ಫೇರ್ ನೋಟ್ಸ್ ಅಂದರೆ ದೇವರು. ಅದಕ್ಕೆ ಕಾಕಿ ಬೈಂಡು, ಲೇಬಲ್, ಮಾರ್ಜಿನ್, ಮೊದಲ ಪುಟದಲ್ಲಿ ಪರಿವಿಡಿ. ಪ್ರಶ್ನೆ ಕಪ್ಪು ಪೆನ್ನಿನಲ್ಲಿ, ಉತ್ತರ ನೀಲಿಯಲ್ಲಿ. ಉತ್ತರವನ್ನು ಮೇಷ್ಟ್ರೇ ಹೇಳಿ ಬರೆಸುತ್ತಿದ್ದರು, ಅರವತ್ತು ಜನರ ಪುಸ್ತಕದಲ್ಲೂ ಅಕ್ಷರ ಅಕ್ಷರ ಒಂದೇ ಉತ್ತರ. ಲೆಕ್ಕ ಮಾಡುವಾಗ ಫೇರ್‌ನಲ್ಲಿ ತಪ್ಪಿದರೆ ಆ ಹಾಳೆ ಕಿತ್ತು ಮತ್ತೆ ಬರೆಯಬೇಕು. ಕಾಟು ಹೊಡೆದದ್ದು ಕಂಡರೆ ಸಹಿ ಬೀಳುತ್ತಿರಲಿಲ್ಲ. ನನ್ನ ಕೈಬರಹ ಚೆನ್ನಾಗಿತ್ತು. ನನ್ನ ಫೇರ್ ನೋಟ್ಸನ್ನು ಇನ್‌ಸ್ಪೆಕ್ಷನ್ನಿಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ರಫ್ ಹಾಳೆಗಳನ್ನು ನಾನು ಯಾರಿಗೂ ಕಾಣದ ಹಾಗೆ ಹರಿದು ಬಿಸಾಡುತ್ತಿದ್ದೆ. ಅದೊಂದು ಚಟವೇ ಆಗಿಬಿಟ್ಟಿತ್ತು.

ವಿಜ್ಞಾನದ ಪ್ರಯೋಗಗಳೂ ಹಾಗೇ. ಅವನ್ನು ನಾವು ಮಾಡಿದ್ದಕ್ಕಿಂತ ಬರೆದಿದ್ದೇ ಜಾಸ್ತಿ. "ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಅಂದರೆ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. ಹೃದಯ, ಡೈನಮೊ, ಯಾವುದಾದರೂ ಸರಿ. ಶಾಲೆಯಲ್ಲಿ ಒಂದು ಸೂಕ್ಷ್ಮದರ್ಶಕ ಇತ್ತು. ಬೀರುವಿನಲ್ಲಿ, ಬೀಗದೊಳಗೆ. ಒಂದೇ ಒಂದು ಸಲ ಈರುಳ್ಳಿ ಪೊರೆ ಇಟ್ಟು ತೋರಿಸಿದರು. ಸಾಲಲ್ಲಿ ನಿಂತು ಒಬ್ಬೊಬ್ಬರು ಮೂರು ಸೆಕೆಂಡು ನೋಡಿದೆವು. ನನಗೆ ನನ್ನ ರೆಪ್ಪೆಯ ಕೂದಲು ಮಾತ್ರ ಕಂಡಿತು. ಕಂಡಿತು ಮಿಸ್ ಅಂದೆ.

10ನೇ ಕ್ಲಾಸು ಅಂದರೆ ಯುದ್ಧ. ಬೆಳಿಗ್ಗೆ 5ಕ್ಕೆ ಮೇಷ್ಟ್ರು ಅಪ್ಪನ ಫೋನಿಗೆ ಮಿಸ್ ಕಾಲ್ ಕೊಡುತ್ತಿದ್ದರು, ಎದ್ದಿದ್ದೀನಿ ಅಂತ ನಾನು ತಿರುಗಿ ಮಿಸ್ ಕಾಲ್ ಕೊಡಬೇಕು. ಸಂಜೆ ಶಾಲೆಯಲ್ಲೇ ಗುಂಪು ಓದು. ಹಳೇ ಪ್ರಶ್ನೆಪತ್ರಿಕೆ, ನೀಲನಕ್ಷೆ, ಯಾವ ಪಾಠದಿಂದ ಎಷ್ಟು ಅಂಕ ಅನ್ನೋ ಪಟ್ಟಿ. ಓದಿನಲ್ಲಿ ಹಿಂದಿದ್ದವರಿಗೆ ಪಾಸಿಂಗ್ ಪ್ಯಾಕೇಜ್. ಅಂದರೆ ಇಷ್ಟನ್ನು ಬಾಯಿಪಾಠ ಮಾಡಿ, ಪಾಸಾಗ್ತೀರ. ಪ್ರಮೇಯ ಬಂದರೆ 4 ಅಂಕ, ಗ್ರಾಫ್ ಬಂದರೆ 4 ಅಂಕ, ಭಾರತದ ನಕ್ಷೆ ಬರೆದು ಸ್ಥಳ ಗುರುತಿಸಿದರೆ ಇನ್ನಷ್ಟು. ನಕ್ಷೆಯನ್ನಂತೂ ಮಣ್ಣಲ್ಲಿ ಕಡ್ಡಿಯಿಂದ ಗೀರಿ ಗೀರಿ ಕಲಿತಿದ್ದೆವು. ಇದನ್ನು ನಾನು ಆಡಿಕೊಳ್ಳುತ್ತಿಲ್ಲ. ನನ್ನ ಬೆಂಚಿನಲ್ಲಿದ್ದ ಗೆಳತಿ ಆ ಪ್ಯಾಕೇಜಿನಿಂದಲೇ ಪಾಸಾದಳು, ಇವತ್ತು ನರ್ಸು. ಫೇಲಾಗಿದ್ದರೆ ಅದೇ ಮೇ ತಿಂಗಳಲ್ಲಿ ಅವಳ ಮದುವೆ ಗೊತ್ತಾಗಿತ್ತು. ಆ ಮೇಷ್ಟ್ರುಗಳು ರಾತ್ರಿ ಕೊನೇ ಬಸ್ಸಿಗೆ ಚಳ್ಳಕೆರೆಗೆ ಹೋಗಿ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸ್ ಬರುತ್ತಿದ್ದರು.

2015ರಲ್ಲಿ ನನಗೆ 625ಕ್ಕೆ 568 ಬಂತು. ಇಂಗ್ಲಿಷಿನಲ್ಲಿ 100ಕ್ಕೆ 88. ಆಗ ಯಾರಾದರೂ ಇಂಗ್ಲಿಷಿನಲ್ಲಿ ಎರಡು ವಾಕ್ಯ ಮಾತಾಡು ಅಂದಿದ್ದರೆ ಅತ್ತೇ ಬಿಡುತ್ತಿದ್ದೆ. 88 ಹೆಂಗೆ ಬಂತು ಅಂದರೆ, ಪದ್ಯ ಬಾಯಿಪಾಠ, ಲೆಟರ್ ಬಾಯಿಪಾಠ, ಪ್ರಬಂಧ ಮೂರು ಬಾಯಿಪಾಠ. ಮೂರರಲ್ಲಿ ಒಂದು ಬಂತು.

ಪಿಯುಸಿಗೆ ಚಿತ್ರದುರ್ಗ. ಹಾಸ್ಟೆಲ್ಲು, ಸೈನ್ಸು, ಇಂಗ್ಲಿಷ್ ಮಾಧ್ಯಮ. ಮೊದಲ ವಾರ ಗಣಿತದ ಲೆಕ್ಚರರ್ ಹೈಪಾಟೆನ್ಯೂಸ್ ಹೈಪಾಟೆನ್ಯೂಸ್ ಅಂತ ಹತ್ತು ಸಲ ಅಂದರು. ಅದೇನೋ ಹೊಸ ವಿಷಯ ಅಂತ ಗಾಬರಿಯಾದೆ. ಬೋರ್ಡ್ ಮೇಲೆ ಬರೆದಾಗ ನೋಡಿದರೆ ನಮ್ಮ ವಿಕರ್ಣ! ಮೂರು ವರ್ಷ "ವಿಕರ್ಣದ ಮೇಲಿನ ವರ್ಗವು" ಅಂತ ರಾಗವಾಗಿ ಹೇಳಿಕೊಂಡು ಬಂದವಳು ನಾನು. ಹಳೇ ಪರಿಚಯದವರು ಪ್ಯಾಂಟು ಶರ್ಟು ಹಾಕಿಕೊಂಡು ಬಂದು ಎದುರಿಗೆ ನಿಂತ ಹಾಗಿತ್ತು. ಹಾಗೇ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ವೇಗೋತ್ಕರ್ಷ ಆಕ್ಸಿಲರೇಶನ್ ಆಗಿ ಬಂತು, ಸಂವೇಗ ಮೊಮೆಂಟಮ್ ಆಯಿತು. ಎರಡು ಕಾಲಂ ಹಾಕಿ ಒಂದು ಪುಸ್ತಕ ಮಾಡಿಕೊಂಡೆ, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ದೀಪಾವಳಿ ಹೊತ್ತಿಗೆ ವಿಜ್ಞಾನದ ಪದಗಳೆಲ್ಲ ಹಿಡಿತಕ್ಕೆ ಬಂದವು.

ಕಷ್ಟ ಕೊಟ್ಟಿದ್ದು ದೊಡ್ಡ ಪದಗಳಲ್ಲ. ಇದನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಹೇಳಿದರೆ ನಂಬುವುದಿಲ್ಲ. ರೆಸ್ಪೆಕ್ಟಿವ್ಲಿ, ವೇರ್‌ಆ್ಯಸ್, ನೆಗ್ಲಿಜಿಬಲ್, ವಿತ್ ರೆಸ್ಪೆಕ್ಟ್ ಟು. ಇಂಥ ಚಿಲ್ಲರೆ ಪದಗಳು. ಪುಸ್ತಕದ ಹಿಂದಿನ ಪದಕೋಶದಲ್ಲಿ ಇವು ಇರುವುದಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿರುತ್ತೆ ಅಂತ ಲೆಕ್ಕ. ಎ ಮತ್ತು ಬಿ ರೆಸ್ಪೆಕ್ಟಿವ್ಲಿ ಇಷ್ಟು ಮತ್ತು ಇಷ್ಟು ಅಂದರೆ ಅದರಲ್ಲಿ ಯಾವುದೋ ರೆಸ್ಪೆಕ್ಟು, ಗೌರವ, ಇದೆ ಅಂತ ಒಂದು ತಿಂಗಳು ಅಂದುಕೊಂಡಿದ್ದೆ. ನಗಬೇಡಿ.

ಕನ್ನಡದಲ್ಲಿ ಓದಿದ್ದರಿಂದ ಆದ ಲಾಭವನ್ನೂ ಹೇಳಬೇಕು. ಜವ ಬೇರೆ, ವೇಗ ಬೇರೆ ಅಂತ 9ನೇ ಕ್ಲಾಸಿನಲ್ಲೇ ತಲೆಗೆ ಹೋಗಿತ್ತು. ಸ್ಪೀಡು, ವೆಲಾಸಿಟಿ ಎರಡೂ ಒಂದೇ ಅಂತ ನನ್ನ ಪಕ್ಕದವಳು ಪಿಯುಸಿ ಮುಗಿಯುವವರೆಗೂ ಕಲಸುತ್ತಿದ್ದಳು. ಹಾಗಂತ ಕನ್ನಡದ ಪಠ್ಯಪುಸ್ತಕ ಎಲ್ಲಾ ಸುಲಭ ಅಂತಲ್ಲ. ದ್ಯುತಿಸಂಶ್ಲೇಷಣೆ, ವಿದ್ಯುದ್ವಿಭಜನೆ ಅಂತೆಲ್ಲ ಬಾಯಿ ತಿರುಗಿಸೋಕೆ ನಾವೇನೂ ಕಮ್ಮಿ ಒದ್ದಾಡಿಲ್ಲ. ಕನ್ನಡ ಮಾಧ್ಯಮ ಅಂತಾರೆ, ಅರ್ಧ ಪುಸ್ತಕ ಸಂಸ್ಕೃತ.

ಆಮೇಲೆ ಕ್ಯಾಲ್ಕ್ಯುಲಸ್. ರೇಟ್ ಆಫ್ ಚೇಂಜ್, ಅಂದರೆ ಒಂದು ಎಷ್ಟು ಬೇಗ ಬದಲಾಗುತ್ತಿದೆ ಅನ್ನೋ ಲೆಕ್ಕ, ಅದಕ್ಕೆ ಡೆರಿವೇಟಿವ್ ಅಂತ ಹೆಸರು. ರೇಟ್ ಅಂದರೆ ನಮ್ಮನೆಯಲ್ಲಿ ಒಂದೇ ಅರ್ಥ, ಶೇಂಗಾ ರೇಟು. ಅಪ್ಪ ಚಳ್ಳಕೆರೆ ಮಾರ್ಕೆಟ್ಟಿನಿಂದ ಬಂದವರ ಹತ್ತಿರ ಎರಡು ಪ್ರಶ್ನೆ ಕೇಳುತ್ತಿದ್ದರು. ಇವತ್ತು ಎಷ್ಟಿದೆ? ನಿನ್ನೆಗಿಂತ ಎಷ್ಟು ಏರಿದೆ? ಮಾರಬೇಕೋ ಇನ್ನೂ ನಾಲ್ಕು ದಿನ ಇಟ್ಟುಕೊಳ್ಳಬೇಕೋ ಅಂತ ನಿರ್ಧಾರ ಆಗುತ್ತಿದ್ದುದು ಎರಡನೇ ಪ್ರಶ್ನೆಯ ಉತ್ತರದಿಂದ. ಏರೋದು ನಿಧಾನ ಆಗ್ತಿದೆ ಅಂದರೆ ಮಾರಿಬಿಡು, ಇನ್ನೇನು ಇಳಿಯುತ್ತೆ. ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ಡಿವೈ ಬೈ ಡಿಎಕ್ಸ್ ನೋಡುತ್ತಾ ಇದ್ದಾಗ ಥಟ್ಟನೆ ಅದು ಹೊಳೆಯಿತು. ಅಪ್ಪ ಎರಡನೇ ಡೆರಿವೇಟಿವ್, ಅಂದರೆ ಏರಿಕೆಯ ವೇಗವೇ ಹೆಂಗೆ ಬದಲಾಗುತ್ತಿದೆ ಅನ್ನೋದನ್ನು, ನೋಡಿಕೊಂಡು ಶೇಂಗಾ ಮಾರುತ್ತಿದ್ದಾರೆ! ಇದು ಹೈಸ್ಕೂಲಿನಲ್ಲಿ ಹೇಳಿಕೊಟ್ಟದ್ದಲ್ಲ. ಆದರೆ ಹೊರಗಿನ ಲೆಕ್ಕವನ್ನು ಪುಸ್ತಕದ ಲೆಕ್ಕಕ್ಕೆ ಜೋಡಿಸಬಹುದು ಅಂತ ನನಗೆ ಅಷ್ಟು ತಡವಾಗಿ ಯಾಕೆ ಗೊತ್ತಾಯಿತು ಅನ್ನೋದು ಪ್ರಶ್ನೆ. ಫೇರ್ ನೋಟ್ಸಿನಲ್ಲಿ ಶೇಂಗಾಕ್ಕೆ ಜಾಗ ಇರಲಿಲ್ಲ.

2017ರಲ್ಲಿ ಸಿಇಟಿ, ಇಂಜಿನಿಯರಿಂಗ್ ಸೀಟಿಗೆ ಬರೆಯೋ ಪ್ರವೇಶ ಪರೀಕ್ಷೆ. ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾತ್ಸು, ತಲಾ 60 ಪ್ರಶ್ನೆ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ‍್ಯಾಂಕು. ನನ್ನ ರ‍್ಯಾಂಕಿಗೆ ಬೆಂಗಳೂರಿನ ಒಳ್ಳೆ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತಿರಲಿಲ್ಲ. ಸಿಕ್ಕಿದ್ದು ಒಂದು ಹಾಳೆಯಿಂದ. 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಸೀಟು, ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಎಚ್ಚೆಮ್ ಸಹಿ, ಅದರ ಮೇಲೆ ಬಿಇಒ, ಅಂದರೆ ತಾಲ್ಲೂಕಿನ ಶಿಕ್ಷಣಾಧಿಕಾರಿಯ ಸಹಿ. ಅಪ್ಪ ಆ ಸಹಿಗಳಿಗಾಗಿ ಮೂರು ದಿನ ಅಲೆದರು. ಸೀಟು ಸಿಕ್ಕಾಗ ಕೋಡಿನ ಕೊನೆಯಲ್ಲಿ ಕೆ ಅಂತ ಇತ್ತು. ಕೆ ಅಂದರೆ ಕನ್ನಡ. ಹಾಗಾಗಿ ಹೈಸ್ಕೂಲು ನನ್ನನ್ನು ಕಾಲೇಜಿಗೆ ಸಿದ್ಧ ಮಾಡಿತೋ ಇಲ್ಲವೋ ಅನ್ನೋ ಚರ್ಚೆಗೆ ಮುಂಚೆ, ಕಾಲೇಜಿನ ಗೇಟು ತೆಗೆಸಿದ್ದೇ ಅದು. ಕ್ಲಾಸಿನಲ್ಲಿ ಒಂದಿಬ್ಬರು "ಕೋಟಾ ಸೀಟು" ಅಂತ ಗೊಣಗಿದ್ದು ಕಿವಿಗೆ ಬಿದ್ದಿತ್ತು. ಹೌದು, ಕೋಟಾ ಸೀಟೇ. 10 ವರ್ಷ ಓದಿ ಗಳಿಸಿದ್ದು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಇಂಜಿನಿಯರಿಂಗ್ ಸೇರಿದಾಗ ನಾನು ಹೆದರಿದ್ದು ಇಂಗ್ಲಿಷಿಗೆ. ಆದರೆ ಮೊದಲ ಸೆಮಿಸ್ಟರ್ ರಿಸಲ್ಟ್ ಬಂದಾಗ ಕ್ಲಾಸಿನಲ್ಲಿ ಮೊದಲ ಹತ್ತರಲ್ಲಿ ನಾನಿದ್ದೆ. ಬೆಂಗಳೂರಿನ ದೊಡ್ಡ ಶಾಲೆಗಳಿಂದ ಬಂದು, ಫಟಾಫಟ್ ಇಂಗ್ಲಿಷ್ ಮಾತಾಡುತ್ತಿದ್ದವರಲ್ಲಿ ಕೆಲವರಿಗೆ ಬ್ಯಾಕ್‌ಲಾಗ್, ಅಂದರೆ ಫೇಲಾಗಿ ಉಳಿದ ವಿಷಯ. ಹೆಂಗೆ ಅಂತೀರಾ? ವಿಟಿಯು, ಅಂದರೆ ನಮ್ಮ ಇಂಜಿನಿಯರಿಂಗ್ ವಿಶ್ವವಿದ್ಯಾಲಯದ ಪರೀಕ್ಷೆ, ನಮ್ಮ ಎಸ್ಸೆಸ್ಸೆಲ್ಸಿಯ ಅಣ್ಣ. ಐದು ಮಾಡ್ಯೂಲು, ಪ್ರತಿ ಮಾಡ್ಯೂಲಿನಿಂದ ಎರಡು ಪ್ರಶ್ನೆ, ಅದರಲ್ಲಿ ಒಂದು ಬರೆದರೆ ಸಾಕು. ಹಳೇ ಪ್ರಶ್ನೆಪತ್ರಿಕೆ ಹರಡಿಕೊಂಡು ಯಾವುದು ಎಷ್ಟು ಸಲ ಬಂದಿದೆ ಅಂತ ಪಟ್ಟಿ ಮಾಡಿದೆ. ಅದು ನನಗೆ 15ನೇ ವಯಸ್ಸಿನಲ್ಲೇ ಕರಗತ. ಉತ್ತರಕ್ಕೆ ಅಡಿಗೆರೆ, ಚಿತ್ರಕ್ಕೆ ಪೆನ್ಸಿಲ್ಲು, ಗೊತ್ತಿಲ್ಲದಿದ್ದರೂ ಖಾಲಿ ಬಿಡಬಾರದು. ಲ್ಯಾಬಿನಲ್ಲೂ ಅಬ್ಸರ್ವೇಶನ್ ಬುಕ್ಕು, ರೆಕಾರ್ಡ್ ಬುಕ್ಕು ಅಂತ ಎರಡಿದ್ದವು. ನೋಡಿದ ತಕ್ಷಣ ಗುರುತು ಸಿಕ್ಕಿತು, ರಫ್ ಮತ್ತು ಫೇರ್! ಹೈಸ್ಕೂಲು ನನ್ನನ್ನು ಕಾಲೇಜಿಗೆ ಸಿದ್ಧ ಮಾಡಲಿಲ್ಲ ಅಂತ ದೂರೋಕೆ ನನಗೆ ಬಾಯೇ ಇಲ್ಲ. ಕಾಲೇಜಿನ ಪರೀಕ್ಷೆಗೆ ಭರ್ಜರಿಯಾಗಿ ಸಿದ್ಧ ಮಾಡಿತ್ತು.

ಇನ್ನೊಂದು ಇದೆ, ಅದು ನನಗೇ ಆಶ್ಚರ್ಯ. 5ನೇ ಸೆಮಿಸ್ಟರಿನಲ್ಲಿ ಆಟೊಮ್ಯಾಟಾ ಥಿಯರಿ ಅಂತ ಒಂದು ವಿಷಯ. ಒಂದು ಕಲ್ಪನೆಯ ಯಂತ್ರ, ಅಕ್ಷರಗಳ ಸಾಲನ್ನು ಒಂದೊಂದಾಗಿ ಓದುತ್ತಾ ಹೋಗುತ್ತದೆ, ಪ್ರತಿ ಅಕ್ಷರಕ್ಕೂ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಾರುತ್ತದೆ, ಕೊನೆಗೆ ಈ ಸಾಲು ನಿಯಮಕ್ಕೆ ಒಪ್ಪುತ್ತದೋ ಇಲ್ಲವೋ ಹೇಳುತ್ತದೆ. ಕ್ಲಾಸಿನಲ್ಲಿ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ಮಾತ್ರ ಇದನ್ನು ಎಲ್ಲೋ ಮಾಡಿದ್ದೀನಲ್ಲ ಅನ್ನಿಸುತ್ತಿತ್ತು. ಎಲ್ಲಿ ಅಂದರೆ, ಕನ್ನಡ ಮಿಸ್ ಕ್ಲಾಸಿನಲ್ಲಿ. ಪ್ರಸ್ತಾರ ಹಾಕುವಾಗ!

ಹಾಕಿದವರಿಗೆ ನೆನಪಿರುತ್ತೆ. ಪದ್ಯದ ಪ್ರತಿ ಅಕ್ಷರದ ಮೇಲೆ ಲಘು ಅಥವಾ ಗುರು ಗುರುತು. ಲಘುವಿಗೆ 1 ಮಾತ್ರೆ, ಗುರುವಿಗೆ 2. ದೀರ್ಘ ಇದ್ದರೆ ಗುರು. ಸೊನ್ನೆ, ವಿಸರ್ಗ ಇದ್ದರೆ ಗುರು. ಮುಂದಿನದು ಒತ್ತಕ್ಷರ ಆದರೆ ಅದರ ಹಿಂದಿನದು ಗುರು. ಅಂದರೆ ಈ ಅಕ್ಷರ ಏನು ಅಂತ ತೀರ್ಮಾನಿಸೋಕೆ ಮುಂದಿನ ಅಕ್ಷರವನ್ನು ಇಣುಕಿ ನೋಡಬೇಕು. 6ನೇ ಸೆಮಿಸ್ಟರಿನ ಕಂಪೈಲರ್ (ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸೋದು) ಪಾಠದಲ್ಲಿ ಇದೇ ಇಣುಕು ನೋಟಕ್ಕೆ ಲುಕ್ ಅಹೆಡ್ ಅಂತ ಹೆಸರಿತ್ತು. ಭಾಮಿನಿ ಷಟ್ಪದಿ ಅಂದರೆ 1, 2, 4, 5ನೇ ಸಾಲುಗಳಲ್ಲಿ 3, 4, 3, 4 ಮಾತ್ರೆಯ ಗಣಗಳು, ಒಟ್ಟು 14. 3 ಮತ್ತು 6ನೇ ಸಾಲಿನಲ್ಲಿ ಅದೇ 3, 4 ಮೂರು ಸಲ, ಮೇಲೊಂದು ಗುರು, ಒಟ್ಟು 23. ಲೆಕ್ಕ ಕೂಡಿ ಬರಲಿಲ್ಲ ಅಂದರೆ ಎಲ್ಲೋ ತಪ್ಪಿದೆ, ಹಿಂದಕ್ಕೆ ಹೋಗಿ ಹುಡುಕಬೇಕು. ಇದು ಡೀಬಗ್ ಮಾಡೋದಲ್ಲದೆ ಇನ್ನೇನು? ನಾವು ಅದನ್ನು 3 ಅಂಕದ ಪ್ರಶ್ನೆ ಅಂತ ಮಾತ್ರ ನೋಡಿದ್ದೆವು. ಕಂಪ್ಯೂಟರ್ ಲ್ಯಾಬ್ ಇಲ್ಲದ ಶಾಲೆಯಲ್ಲಿ ನನಗೆ ಕಂಪ್ಯೂಟರ್ ಸೈನ್ಸಿನ ಮೊದಲ ಪಾಠ ಮಾಡಿದ್ದು ಕನ್ನಡ ಮಿಸ್. ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಮತ್ತೆ, ಪ್ರಸ್ತಾರ ಹಾಕುವಾಗ ಮಾತ್ರ ಮಿಸ್ ಅಳಿಸಿ ಬರೆಯೋಕೆ ಬಿಡುತ್ತಿದ್ದರು, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಅನ್ನುತ್ತಿದ್ದರು. ಅದು ಈಗ ಹೊಳೆಯುತ್ತಿದೆ.

ಹೈಸ್ಕೂಲಿನ ಚಟ ನನ್ನನ್ನು ಹಿಡಿದು ಕೆಡವಿದ್ದು ಕೊನೇ ವರ್ಷ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಊರಿಗೆ ಬಂದೆ. ಆ ಮುಂಗಾರಿನಲ್ಲಿ ನಮ್ಮ ಹೊಲದ ಶೇಂಗಾಕ್ಕೆ ಟಿಕ್ಕಾ ರೋಗ ಬಿತ್ತು. ಎಲೆ ಮೇಲೆ ಕಂದು ಚುಕ್ಕೆ, ಆಮೇಲೆ ಎಲೆ ಉದುರುತ್ತದೆ. ಕೊನೇ ವರ್ಷದ ಪ್ರಾಜೆಕ್ಟಿಗೆ ಇದೇ ಇರಲಿ, ಎಲೆಯ ಫೋಟೋ ತೆಗೆದರೆ ರೋಗ ಇದೆಯೋ ಇಲ್ಲವೋ ಹೇಳೋ ಪ್ರೋಗ್ರಾಂ ಮಾಡೋಣ ಅಂದೆ. ನಾಲ್ಕು ಜನರ ತಂಡ, ಎಲ್ಲರೂ ಒಪ್ಪಿದರು. ರೋಗದ ಎಲೆಗಳ ಫೋಟೋ ನಾನು ಹೊಲದಲ್ಲಿ ತೆಗೆದೆ, ನೂರಾರು. ಒಳ್ಳೆ ಎಲೆಗಳ ಫೋಟೋ ಇಂಟರ್ನೆಟ್ಟಿನಿಂದ ಇಳಿಸಿದೆವು. ಯಾವುದು ರೋಗ, ಯಾವುದು ಒಳ್ಳೆಯದು ಅಂತ ಆ ಫೋಟೋಗಳಿಂದಲೇ ಪ್ರೋಗ್ರಾಮಿಗೆ ಕಲಿಸಿದೆವು. ಪರೀಕ್ಷೆ ಮಾಡಿದರೆ ನೂರಕ್ಕೆ 97 ಸರಿ. ಗೈಡು ಖುಷಿ, ನಾವು ಖುಷಿ. ನಾನು ರಿಪೋರ್ಟು ಬರೆಯೋಕೆ ಕೂತೆ. ಗೊತ್ತಲ್ಲ, ನನ್ನ ರಿಪೋರ್ಟು ಅಂದರೆ ಮಾರ್ಜಿನ್ನು, ಅಡಿಗೆರೆ.

ಒಂದು ದಿನ ಸುಮ್ನೆ ಹೊಲಕ್ಕೆ ಹೋಗಿ ಒಂದು ಒಳ್ಳೆ ಎಲೆಯ ಫೋಟೋ ಹಾಕಿದೆ. ರೋಗ ಇದೆ ಅಂತು. ಇನ್ನೊಂದು ಹಾಕಿದೆ, ರೋಗ. ಬೇವಿನ ಎಲೆ ಹಾಕಿದೆ, ರೋಗ. ಅಪ್ಪನ ಚಪ್ಪಲಿಯ ಫೋಟೋ ಹಾಕಿದೆ, ಅದಕ್ಕೂ ಟಿಕ್ಕಾ ರೋಗ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಎರಡು ವಾರ. ಗ್ರೂಪಿನಲ್ಲಿ ಕೇಳಿದರೆ, ಎಲ್ಲಾ ಸರಿ ಇದೆ, ರಿಪೋರ್ಟ್ ಮುಗೀತಾ ಬಂತು ಅಂದೆ. ರಾತ್ರಿ ಎಲ್ಲಾ ಕೂತು ಅದೂ ಇದೂ ಬದಲಾಯಿಸಿ ನೋಡಿದೆ, ಆಗಲಿಲ್ಲ. ಪ್ರತಿ ಸಲ ತಪ್ಪು ಬಂದಾಗಲೂ ಆ ಫೈಲನ್ನೇ ಅಳಿಸಿಬಿಡುತ್ತಿದ್ದೆ. ರಫ್ ಹಾಳೆ ಹರಿದು ಬಿಸಾಡಿದ ಹಾಗೆ. ಅಳಿಸಿದ್ದರಿಂದ ಯಾವುದು ಬದಲಾಯಿಸಿದಾಗ ಏನಾಯಿತು ಅಂತ ನನಗೇ ನೆನಪಿರುತ್ತಿರಲಿಲ್ಲ.

ಕೊನೆಗೆ ತಂಡದಲ್ಲಿದ್ದ ಗೆಳತಿಗೆ ಹೇಳಿದೆ, ಅಳುತ್ತಾ. ಅವಳು ಶಿರಸಿ ಕಡೆಯವಳು, ಮಾತು ಕಮ್ಮಿ. ಬೈಯಲಿಲ್ಲ. "ಚಪ್ಪಲಿ ಫೋಟೋ ಕಳಿಸು" ಅಂದಳು. ಹತ್ತು ನಿಮಿಷ ಬಿಟ್ಟು ಫೋನ್ ಮಾಡಿ ನಗೋಕೆ ಶುರು ಮಾಡಿದಳು. "ಮಾರಾಯ್ತಿ, ಇದು ಎಲೆಯನ್ನು ನೋಡ್ತಾನೇ ಇಲ್ಲ, ನಿಮ್ಮೂರಿನ ಮಣ್ಣು ನೋಡ್ತಾ ಇದೆ." ನಿಜ. ರೋಗದ ಎಲೆಗಳೆಲ್ಲ ನಮ್ಮ ಕೆಂಪು ಮಣ್ಣಿನ ಮೇಲೆ ತೆಗೆದ ಫೋಟೋ. ಇಂಟರ್ನೆಟ್ಟಿನ ಒಳ್ಳೆ ಎಲೆಗಳೆಲ್ಲ ಬಿಳಿ ಹಿನ್ನೆಲೆಯವು. ಯಂತ್ರ ಸುಲಭದ ದಾರಿ ಹಿಡಿದಿತ್ತು. ಕೆಂಪು ಕಂಡರೆ ರೋಗ, ಬಿಳಿ ಕಂಡರೆ ಆರೋಗ್ಯ. ನಾವು ಪರೀಕ್ಷೆಗೆ ಇಟ್ಟಿದ್ದ ಫೋಟೋಗಳೂ ಅವೇ ಥರದವು, ಹಾಗಾಗಿ 97. ಒಂದು ಥರದಲ್ಲಿ ಅದೂ ಪಾಸಿಂಗ್ ಪ್ಯಾಕೇಜ್ ಓದಿಕೊಂಡು ಪಾಸಾಗಿತ್ತು.

ಅವಳಿಗೆ ಹತ್ತು ನಿಮಿಷ, ನನಗೆ ಎರಡು ವಾರ. ಅವಳೇನು ನನಗಿಂತ ಬುದ್ಧಿವಂತೆ ಅಲ್ಲ, ಅಂಕದಲ್ಲಿ ನನಗಿಂತ ಹಿಂದೆ. ಅವಳೂ ಕನ್ನಡ ಮಾಧ್ಯಮದವಳೇ, ಇಂಗ್ಲಿಷೂ ನನ್ನಷ್ಟೇ ಬರುತ್ತಿತ್ತು. ಅದಕ್ಕೇ ಅವತ್ತು ನನ್ನ ಒಂದು ನೆಪ ಕೈತಪ್ಪಿ ಹೋಯಿತು. ಅಷ್ಟು ವರ್ಷ ಎಲ್ಲಿ ಎಡವಿದರೂ, ಕನ್ನಡ ಮಾಧ್ಯಮದವಳಲ್ವಾ ಅದಕ್ಕೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಭಾಷೆಯ ಕಷ್ಟ ಇತ್ತು, ಇಲ್ಲ ಅನ್ನಲ್ಲ. ಅದು ಒಂದೂವರೆ ವರ್ಷದಲ್ಲಿ ತೀರಿತು. ತಪ್ಪನ್ನು ಬಚ್ಚಿಡೋ ಅಭ್ಯಾಸ ಏಳು ವರ್ಷ ಆದರೂ ಹೋಗಿರಲಿಲ್ಲ.

ಮತ್ತೆ ಆ ರಾತ್ರಿಯೇ ನನಗೆ ಗಣಿತದ ಮೇಷ್ಟ್ರು ನೆನಪಾದರು. 9ನೇ ಕ್ಲಾಸಿನಲ್ಲಿ ನಮಗೆ ಒಂದೇ ವರ್ಷ ಪಾಠ ಮಾಡಿದವರು, ಆಮೇಲೆ ವರ್ಗವಾಗಿ ಹೋದರು. ಅವರು ಪುಸ್ತಕದಲ್ಲಿ ಇಲ್ಲದ ರೈಡರುಗಳನ್ನು, ಅಂದರೆ ಪ್ರಮೇಯ ಬಳಸಿ ಬಿಡಿಸೋ ರೇಖಾಗಣಿತದ ಲೆಕ್ಕಗಳನ್ನು, ಎಲ್ಲೆಲ್ಲಿಂದಲೋ ತಂದು ಬೋರ್ಡ್ ಮೇಲೆ ಹಾಕುತ್ತಿದ್ದರು. ಮುಂಚೆಯೇ ಬಿಡಿಸಿಕೊಂಡು ಬರುತ್ತಿರಲಿಲ್ಲ ಅಂತ ಕಾಣುತ್ತದೆ. ಒಂದು ದಿನ ವೃತ್ತ, ತ್ರಿಭುಜದ ಲೆಕ್ಕವೊಂದರಲ್ಲಿ ಸಿಕ್ಕಿಹಾಕಿಕೊಂಡರು. ಒಂದು ಗೆರೆ ಎಳೆದರು, ಅಳಿಸಿದರು. ಇನ್ನೊಂದು ಎಳೆದರು. "ಇಲ್ಲ ಕಣ್ರೋ, ಇದು ಹಿಂಗಲ್ಲ" ಅಂದರು, ನಮ್ಮ ಕಡೆ ತಿರುಗದೆ. ಬೆಲ್ ಹೊಡೆಯಿತು, ಲೆಕ್ಕ ಬಂದಿರಲಿಲ್ಲ. ನಾವೆಲ್ಲ ಬಾಯಿ ಮುಚ್ಚಿಕೊಂಡು ನಕ್ಕಿದ್ದೆವು. ಮೇಷ್ಟ್ರಿಗೇ ಲೆಕ್ಕ ಬರಲ್ಲ ಅಂತ ಊರೆಲ್ಲಾ ಹೇಳಿಕೊಂಡು ಬಂದೆವು, ನಾನೂ ಮನೆಯಲ್ಲಿ ಹೇಳಿದ್ದೆ. ಮಾರನೇ ದಿನ ಅವರು ಬಂದವರೇ ಹಾಜರಿ ಕೂಡ ಕರೆಯದೆ ಸೀಮೆಸುಣ್ಣ ತೆಗೆದುಕೊಂಡರು. ನಿನ್ನೆ ಎಲ್ಲಿ ತಪ್ಪಾಯಿತು ಅಂತ ಮೊದಲು ಬರೆದರು. ಆಮೇಲೆ ಸರಿಯಾದದ್ದು. ನಾನು ಸರಿಯಾದದ್ದನ್ನು ಮಾತ್ರ ಫೇರ್ ನೋಟ್ಸಿಗೆ ಬರೆದುಕೊಂಡೆ.

ಇಡೀ ಹೈಸ್ಕೂಲಿನಲ್ಲಿ ನಾಲ್ಕು ವರ್ಷದ ಇಂಜಿನಿಯರಿಂಗಿಗೆ ನಿಜವಾಗಿ ಬೇಕಾದ ಪಾಠ ಅಂತ ಯಾವುದಾದರೂ ನಡೆದಿದ್ದರೆ ಅದು ಆ ಎರಡು ದಿನ. ಅದನ್ನೇ ನಾವು ಆಡಿಕೊಂಡು ನಕ್ಕಿದ್ದು. ಡಿಸೆಂಬರಿನಲ್ಲಿ ಮೈಕ್ ಕೈಯಲ್ಲಿದ್ದಾಗ ಇದನ್ನು ಹೇಳಬೇಕಿತ್ತು. ಬಾಯಿಗೆ ಬಂದಿದ್ದು ಶಿಸ್ತು, ಶ್ರದ್ಧೆ.

ಪ್ರಾಜೆಕ್ಟು ಏನಾಯಿತು ಅಂತ ಕೇಳಬಹುದು. ಬಿಳಿ ಹಾಳೆ ಇಟ್ಟು ಎಲ್ಲಾ ಫೋಟೋ ಮತ್ತೆ ತೆಗೆಯೋಣ ಅಂದರೆ ಅಷ್ಟೊತ್ತಿಗೆ ಬೆಳೆ ಕಿತ್ತಾಗಿತ್ತು. ಇದ್ದ ಫೋಟೋಗಳಲ್ಲೇ ಎಲೆಯನ್ನಷ್ಟೇ ಕತ್ತರಿಸಿ, ಹಿನ್ನೆಲೆ ತೆಗೆದು ಮತ್ತೆ ಕಲಿಸಿದೆವು. 97 ಇದ್ದದ್ದು 71ಕ್ಕೆ ಇಳಿಯಿತು. ರಿಪೋರ್ಟಿನಲ್ಲಿ ಎರಡೂ ಬರೆದೆವು, ಚಪ್ಪಲಿ ಕತೆಯ ಸಮೇತ. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಆ ಒಂದು ಪುಟದ ಮೇಲೆಯೇ ಕಾಲು ಗಂಟೆ ಮಾತಾಡಿಸಿದರು. ನನ್ನ ಇಂಗ್ಲಿಷ್ ಅಲ್ಲಲ್ಲಿ ಮುಗ್ಗರಿಸಿತು. ಅವರು ಗಮನಿಸಲೂ ಇಲ್ಲ.

ಹೋದ ವಾರ ಚಿಕ್ಕಪ್ಪನ ಮಗಳು ವಾಟ್ಸ್‌ಆ್ಯಪ್ ಮಾಡಿದ್ದಳು. ಅವಳೀಗ ಅದೇ ಶಾಲೆಯಲ್ಲಿ 10ನೇ ಕ್ಲಾಸು. ಈಗೇನೋ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬೇರೆ. ಒಂದು ವರ್ಗ ಸಮೀಕರಣದ ಲೆಕ್ಕದ ಫೋಟೋ ಹಾಕಿ, "ಅಕ್ಕ ಇದರ ಆನ್ಸರ್ ಕಳ್ಸು, ಫೇರ್‌ಗೆ ಬರೀಬೇಕು" ಅಂದಿದ್ದಳು. ನೀನು ಎಲ್ಲಿವರೆಗೆ ಮಾಡಿದ್ದೀಯೋ ಅದರ ಫೋಟೋ ಹಾಕು ಅಂದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. "ಅದು ಗಲೀಜಾಗಿದೆ ಅಕ್ಕ" ಅಂದಳು ಸ್ವಲ್ಪ ಹೊತ್ತು ಬಿಟ್ಟು. ಇರಲಿ, ಹಾಕು ಅಂದೆ. ಅರ್ಧ ಗಂಟೆ ಆದ ಮೇಲೆ ಒಂದು ಫೋಟೋ ಬಂತು. ಮುದುಡಿ ಉಂಡೆ ಮಾಡಿ ಬಿಸಾಡಿದ್ದನ್ನು ಎತ್ತಿ, ಬಿಡಿಸಿ, ಕೈಯಲ್ಲಿ ಸವರಿ ತೆಗೆದ ಫೋಟೋ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಮೂರನೇ ಸಾಲಿನಲ್ಲಿ ಮೈನಸ್ಸು ಪ್ಲಸ್ ಆಗಿತ್ತು. ಫೋನ್ ಮಾಡಿದೆ.